ನೀಲಿ ದಾರ ಕಟ್ಟಿದ ಮಂಚ

ಹೊರಮಾವಿನ ಮುನಿವೆಂಕಟಮ್ಮ ಸುಲಭಕ್ಕೆ ಹೆದರುವ ಹೆಂಗಸಲ್ಲ. ದಂಟು, ಹರಿವೆ, ಕೊತ್ತಂಬರಿ ತುಂಬಿದ ಮಂಕರಿ ಹೊತ್ತು ಕೃಷ್ಣರಾಜಪುರದ ಸ್ಟೇಷನ್ನಿಗೆ ನಡೆದು, ಅಲ್ಲಿಂದ ರೈಲು ಹತ್ತಿ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಬಂದು ಸೊಪ್ಪು ಮಾರುವವಳು. ಯುದ್ಧದ ಕಾಲ. ರೈಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸೋಲ್ಜರುಗಳು. ಒಮ್ಮೆ ಕುಡಿದು ಬಂದ ಒಬ್ಬ ಸೋಲ್ಜರ್ ಸೊಪ್ಪಿನ ಮೇಲೆ ಬೂಟುಗಾಲಿಟ್ಟ. ಅವಳು ಅವನ ಟೋಪಿ ಕಿತ್ತು ಕಿಟಕಿಯಿಂದಾಚೆ ಎಸೆದಳು. ಬೋಗಿಯೆಲ್ಲ ಉಸಿರು ಹಿಡಿದು ಕೂತಿತು. ಅವಳು ಮಾತ್ರ ನಲುಗಿದ ಕಟ್ಟುಗಳನ್ನು ಸರಿಮಾಡಿಕೊಳ್ಳುತ್ತಾ ಗೊಣಗುತ್ತಿದ್ದಳು.

ಇಂಥವಳು ಒಂದು ವಿಷಯವನ್ನು ಮಾತ್ರ ಯಾರಿಗೂ ಹೇಳದೆ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡಿದ್ದಳು. ಕೊನೆಯ ಮಗು ಹುಟ್ಟಿದಾಗ ಬಾಣಂತನ ಮುಗಿಯುವ ಮೊದಲೇ ಮಂಕರಿ ಹೊತ್ತಿದ್ದಳು. ಆಮೇಲೆ ಗರ್ಭ ಜಾರತೊಡಗಿತು. ಮೊದಮೊದಲು ಕೆಮ್ಮಿದರೆ, ಭಾರ ಎತ್ತಿದರೆ ಇಳಿಯುತ್ತಿದ್ದದ್ದು ಬರಬರುತ್ತ ಒಳಗೆ ನಿಲ್ಲದಾಯಿತು. ಹಳೇ ಸೀರೆ ಹರಿದು ಬಿಗಿಯಾಗಿ ಕಟ್ಟಿಕೊಂಡು ನಡೆಯುತ್ತಿದ್ದಳು. ಉಜ್ಜಿ ಉಜ್ಜಿ ಅಲ್ಲಿ ಹುಣ್ಣಾಯಿತು. ಗಂಡ ಮುನಿರಾಜಪ್ಪ ಮೆತ್ತನೆಯ ಮನುಷ್ಯ, ಗಾಡಿ ಹೊಡೆಯುವವನು. ಏನೋ ಇದೆ ಎಂದು ಅವನಿಗೆ ಗೊತ್ತಿತ್ತು, ಏನು ಎಂದು ಕೇಳುವ ಧೈರ್ಯವಿರಲಿಲ್ಲ.

ಹುಣ್ಣು ತಡೆಯಲಾರದೆ ಒಮ್ಮೆ ಸಂತೆ ಬೀದಿಯ ಒಬ್ಬ ಕಾಂಪೌಂಡರನ ಹತ್ತಿರ ಹೋಗಿ "ಗಾಯ ಆಗೈತೆ" ಎಂದಷ್ಟೇ ಹೇಳಿದಳು. ಎಲ್ಲಿ ಎಂದು ಅವನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಅವನೊಂದು ಸಣ್ಣ ಸೀಸೆಯಲ್ಲಿ ಕಂದು ಬಣ್ಣದ ಅಯೋಡಿನ್ ಕೊಟ್ಟು, ಹತ್ತಿಯಲ್ಲಿ ಅದ್ದಿ ಹಚ್ಚು ಎಂದ. ಹಿತ್ತಲಿನ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಹಚ್ಚಿದಳು. ಕೆಂಡ ಇಟ್ಟ ಹಾಗಾಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಬಚ್ಚಲಲ್ಲೇ ಉರುಳಾಡಿದಳು. ಎಳೆಯ ಚರ್ಮವೆಲ್ಲ ಸುಲಿದು ಬಂತು. ಅದು ಮಾಯಲು ಎಷ್ಟೋ ದಿನ ಹಿಡಿಯಿತು. ಆ ಸೀಸೆಯ ವಾಸನೆ ಎಲ್ಲಿ ಬಂದರೂ ಅವಳ ತೊಡೆ ನಡುಗುತ್ತಿತ್ತು.

ಕಡೆಗೆ ಅವಳನ್ನು ಹಲಸೂರಿನ ಹೆಂಗಸರ ಆಸ್ಪತ್ರೆಗೆ ಕರೆದುಕೊಂಡು ಬಂದದ್ದು ಅಜ್ಮತ್ ಬೀ. ಅಜ್ಮತ್ ಬೀ ಆಸ್ಪತ್ರೆಯಲ್ಲಿ ಆಯಾ, ಶಿವಾಜಿನಗರದವಳು, ಮುನಿವೆಂಕಟಮ್ಮನ ಖಾಯಂ ಗಿರಾಕಿ. ಇವಳು ಕಾಲಗಲಿಸಿ ನಡೆಯುವುದನ್ನು ನೋಡಿಯೇ ಕಾಯಿಲೆ ಊಹಿಸಿದ್ದಳು. "ನಮ್ ಡಾಕ್ಟರಮ್ಮ ಮೇಲಕ್ಕೆ ಹೊಲ್ದು ಕೂರ್ಸಿಬಿಡ್ತಾರೆ ಮುನ್ಯಮ್ಮಾ. ಹೆಂಗ್ಸೇ ನೋಡೋದು, ಶರಮ್ ಯಾಕೆ?" ಎಂದು ಬೆನ್ನು ಹತ್ತಿ ಒಪ್ಪಿಸಿದಳು.

ಡಾಕ್ಟರಮ್ಮ ಹಲಸೂರಿನಲ್ಲೇ ಬೆಳೆದವರು. ನರೆಗೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡ, ಮಾತು ಕಡಿಮೆಯ ಹೆಂಗಸು. ಪರೀಕ್ಷೆ ಮಾಡಿದರು, ಹುಣ್ಣು ಒಣಗುವವರೆಗೂ ಮಲಗಿರಬೇಕು, ಆಮೇಲೆ ಆಪರೇಷನ್ ಎಂದರು.

ವಾರ್ಡಿನಲ್ಲಿ ಮಲಗಿದ ಮೇಲೆಯೇ ಅವಳಿಗೆ ದಾರದ ವಿಷಯ ತಿಳಿದದ್ದು. ಆಪರೇಷನ್ ನಿಶ್ಚಯವಾದವರ ಮಂಚದ ಕಾಲಿಗೆ ನರ್ಸಮ್ಮ ಒಂದು ದಾರ ಕಟ್ಟುತ್ತಿದ್ದಳು. ಒಬ್ಬರಿಗೆ ಕಂದು, ಮುಂದಿನವರಿಗೆ ನೀಲಿ, ಮತ್ತೆ ಕಂದು. ಕೊಯ್ಯುವ ಮೊದಲು ಕ್ರಿಮಿ ಸಾಯಲೆಂದು ಮೈಗೆ ಹಚ್ಚುವ ಔಷಧಿಯ ಗುರುತು ಅದು. ಕಂದು ಎಂದರೆ ಒಳಗೂ ಹೊರಗೂ ಅಯೋಡಿನ್. ನೀಲಿ ಎಂದರೆ ಒಳಭಾಗಕ್ಕೆ ಸ್ಪಿರಿಟ್ಟಿನಲ್ಲಿ ಬಣ್ಣ ಕರಗಿಸಿದ ಒಂದು ಹೊಸ ನೀರು. ವಿಲಾಯತಿಯಲ್ಲಿ ಹೆಂಗಸರ ಆಪರೇಷನ್ನಿಗೆ ಅದನ್ನೇ ಬಳಸುತ್ತಾರಂತೆ. ಎರಡರಲ್ಲಿ ಯಾವುದು ವಾಸಿ ಎಂದು ನೋಡಲು ಡಾಕ್ಟರಮ್ಮ ಸರದಿಯ ಮೇಲೆ ಹಚ್ಚಿಸುತ್ತಿದ್ದರು.

ಡಾಕ್ಟರಮ್ಮನ ಮಟ್ಟಿಗೆ ಅದು ಔಷಧಿಯ ಪರೀಕ್ಷೆ. ವಾರ್ಡಿನ ಹೆಂಗಸರ ಮಟ್ಟಿಗೆ ಅದು ಹಣೆಬರಹ. ಯಾವ ದಾರದವಳು ಉರಿ ಎಂದು ಅತ್ತಳು, ಯಾವ ದಾರದವಳಿಗೆ ಜ್ವರ ಬಂತು, ಯಾರು ಎದ್ದು ನಡೆದರು ಎಂದು ದಿನವಿಡೀ ಅದೇ ಮಾತು. ಕಂದು ದಾರದ ಇಬ್ಬರು ಮೂತ್ರಕ್ಕೆ ಹೋಗುವಾಗ ಗೋಡೆ ಹಿಡಿದು ಅಳುವುದನ್ನು ಮುನಿವೆಂಕಟಮ್ಮ ಕಣ್ಣಾರೆ ಕಂಡಳು. 'ಮುನೇಶ್ವರ, ನನಗೆ ನೀಲಿ ಬರಲಿ' ಎಂದು ಒಳಗೊಳಗೇ ಹರಕೆ ಹೊತ್ತಳು.

ಪಕ್ಕದ ಮಂಚದಲ್ಲಿ ಜೋಗುಪಾಳ್ಯದ ಅಂಜಿನಮ್ಮ ಇದ್ದಳು. ಗರ್ಭದಲ್ಲಿ ಗೆಡ್ಡೆ ಬೆಳೆದು ಬಂದವಳು. ಮುಖ ಬಿಳಚಿಕೊಂಡಿದ್ದರೂ ನಗು ಮಾಸಿರಲಿಲ್ಲ. ಅವಳಿಗೆ ನೀಲಿ ಬಂತು. ಆಪರೇಷನ್ ಚೆನ್ನಾಗಿಯೇ ಆಯಿತು. "ಕಾಲೆಲ್ಲ ನೇರಳೆಹಣ್ಣು ಬಳ್ಕೊಂಡಂಗೆ ಆಗೈತೆ ನೋಡಕ್ಕಾ" ಎಂದು ಹೊದಿಕೆ ಸರಿಸಿ ತೋರಿಸಿ ನಕ್ಕಿದ್ದಳು. ವಾರ ಕಳೆದು, ಒಂದು ಬೆಳಿಗ್ಗೆ ಎದ್ದು ಕೂತು ತಲೆ ಬಾಚಿಕೊಳ್ಳುತ್ತಿದ್ದವಳು "ಅಕ್ಕಾ, ಎದೆ…" ಎಂದಳು. ಬಾಚಣಿಗೆ ಕೆಳಗೆ ಬಿತ್ತು. ನರ್ಸಮ್ಮ ಓಡಿ ಬರುವಷ್ಟರಲ್ಲಿ ತುಟಿ ಕಪ್ಪಾಗಿತ್ತು. ಡಾಕ್ಟರಮ್ಮ ಬಂದು ಮಂಚದ ಪಕ್ಕ ಮಂಡಿಯೂರಿ ಏನೇನೋ ಮಾಡಿದರು. ಉಸಿರು ಮರಳಲಿಲ್ಲ.

ಅಂಜಿನಮ್ಮನ ತಾಯಿ ಗಂಗಲಕ್ಷ್ಮಮ್ಮ ಬಂದು ಮಗಳ ಕಾಲಿನ ಮೇಲಿನ ನೀಲಿ ಕಲೆ ನೋಡಿದಳು. "ಇಸ ಹಚ್ಚಿ ಕೊಂದ್ರು! ನನ್ನ ಮಗೂಗೆ ಇಸ ಹಚ್ಚಿ ಕೊಂದ್ರು!" ಎಂದು ಬಾಯಿ ಬಡಿದುಕೊಂಡದ್ದು ವಾರ್ಡಿನ ಗೋಡೆಗೋಡೆಗೂ ಕೇಳಿಸಿತು.

ಅಂದೇ ಮಧ್ಯಾಹ್ನ ನರ್ಸಮ್ಮ ಮುನಿವೆಂಕಟಮ್ಮನ ಮಂಚದ ಕಾಲಿಗೆ ದಾರ ಕಟ್ಟಿ ಹೋದಳು. ಬಗ್ಗಿ ನೋಡಿದರೆ ನೀಲಿ.

ಎದುರು ಮಂಚದ ಮುದುಕಿ ಮುಖ ತಿರುಗಿಸಿಕೊಂಡಳು. ಕಂದು ಎಂದರೆ ಬಚ್ಚಲಿನ ಆ ಬೆಂಕಿ. ನೀಲಿ ಎಂದರೆ ಪಕ್ಕದ ಬರಿದಾದ ಮಂಚ. ಹರಕೆ ಹೊತ್ತು ತಾನೇ ಕೇಳಿ ಪಡೆದದ್ದು. ಆಸ್ಪತ್ರೆಯ ಬಿಳಿ ಸೀರೆಯ ಮೇಲೆ ತನ್ನ ಸೀರೆಯನ್ನೇ ಸುತ್ತಿಕೊಂಡು, ಬಟ್ಟೆಗಂಟು ಹಿಡಿದು, ನೀರಿಗೆ ಹೋಗುವವಳಂತೆ ವಾರ್ಡಿನಿಂದ ಹೊರಬಿದ್ದಳು.

ಗೇಟಿನವರೆಗೂ ಹೇಗೋ ಬಂದಳು. ಅಷ್ಟು ದಿನ ಮಲಗಿದ್ದ ಕಾಲು ಬಲ ಕಳೆದುಕೊಂಡಿತ್ತು. ಕಟ್ಟು ಬಟ್ಟೆಯಿಲ್ಲದೆ ಎಲ್ಲವೂ ಕೆಳಗಿಳಿದು, ಒಂದೊಂದು ಹೆಜ್ಜೆಗೂ ಕರುಳು ಜಗ್ಗಿದಂತಾಯಿತು. ಗೇಟಿನ ಪಕ್ಕದ ಹೊಂಗೆ ಮರ ಹಿಡಿದು ನಿಂತಳು. ಅಷ್ಟರಲ್ಲಿ ಅಜ್ಮತ್ ಬೀ ಹಿಂದಿನಿಂದ ಓಡಿ ಬಂದು ರಟ್ಟೆ ಹಿಡಿದಳು.

"ಕಿದರ್ ಹೋಗ್ತೀಯಾ? ದಾರೀಲಿ ಬಿದ್ದು ಸಾಯ್ತೀಯಾ?"

"ಬಿಡು ಅಜ್ಮತ್ತೂ. ಸತ್ರೆ ನಮ್ಮೂರ ಮಣ್ಣಲ್ಲಿ ಸಾಯ್ತೀನಿ. ಈ ನೀಲಿ ನೀರು ಮಾತ್ರ ನಂಗ್ ಬ್ಯಾಡ."

"ಹಾಗಿದ್ರೆ ಕಂದು ಹಚ್ಚಿ ಅಂತ ಕೇಳೋಣ, ಬಾ."

"ಅದೂ ಬ್ಯಾಡ!" ಎಂದು ಕಿರುಚಿದಳು ಮುನಿವೆಂಕಟಮ್ಮ. ರಸ್ತೆಯ ಮೇಲೆ ಹೋಗುತ್ತಿದ್ದ ಜಟಕಾದವನು ತಿರುಗಿ ನೋಡಿದ.

ಆ ಕೂಗಿಗೆ ಡಾಕ್ಟರಮ್ಮನೇ ಹೊರಗೆ ಬಂದರು. ಅಂಜಿನಮ್ಮನ ಕಡೆಯವರನ್ನು ಕಳಿಸಿಕೊಟ್ಟು ಆಗತಾನೇ ಕೂತಿದ್ದರೇನೋ, ಕಣ್ಣು ಕೆಂಪಾಗಿತ್ತು. ಗದರಿಸಲಿಲ್ಲ. ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಅವಳನ್ನು ಒರಗಿಸಿ ತಾವೂ ಪಕ್ಕದಲ್ಲಿ ಕೂತರು.

"ಎರಡೂ ಯಾಕಮ್ಮ ಬೇಡ?"

ಅಲ್ಲಿಯವರೆಗೆ ಯಾರಿಗೂ ಹೇಳದಿದ್ದ ಬಚ್ಚಲಿನ ಕತೆಯನ್ನು ಮುನಿವೆಂಕಟಮ್ಮ ಅಂದು ಹೇಳಿದಳು. ಕೇಳುತ್ತಾ ಡಾಕ್ಟರಮ್ಮನ ಮುಖ ಕಲ್ಲಿನಂತಾಯಿತು.

"ಇದನ್ನ ಬಂದ ದಿನಾನೇ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ವಲ್ಲ ತಾಯಿ."

"ಅದು ನಿಜ. ಕೇಳ್ಬೇಕಿತ್ತು."

"ಸತ್ಯವಾಗಿ ಹೇಳಿ ಡಾಕ್ಟರಮ್ಮೋರೆ. ಎರಡ್ರಲ್ಲಿ ಒಳ್ಳೇದು ಯಾವ್ದು?"

"ಗೊತ್ತಿಲ್ಲ."

ಓದಿದವರ ಬಾಯಲ್ಲಿ ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. "ಗೊತ್ತಿಲ್ದೆ ಹಚ್ತೀರಾ?"

"ಎರಡೂ ಔಷಧೀನೇ ಅಮ್ಮ. ಎರಡೂ ಕ್ರಿಮಿ ಸಾಯಿಸ್ತವೆ. ಇಷ್ಟು ವರ್ಷ ಅಯೋಡಿನ್ ಒಂದನ್ನೇ ಹಚ್ಚಿದ್ವಿ. ಹೊರಗಡೆ ಚರ್ಮ ಗಟ್ಟಿ, ಅಲ್ಲಿಗೆ ಅದೇ ಸರಿ. ಒಳಗಿನ ಮೈ ಎಳೇದು. ಅಲ್ಲಿ ಅದು ಒಂದೊಂದ್ಸಲ ಸುಡುತ್ತೆ, ಸುಲಿಯುತ್ತೆ. ಸುಲಿದ ಜಾಗದಲ್ಲಿ ಕೀವಾಗುತ್ತೆ. ನೀಲಿದು ಸುಡಲ್ಲ. ಆದ್ರೆ ಸುಡದೇ ಇರೋದು ಕ್ರಿಮೀನ ಅಷ್ಟೇ ಚೆನ್ನಾಗಿ ಸಾಯಿಸುತ್ತಾ? ಅದನ್ನೇ ನೋಡ್ತಿದೀನಿ."

"ಅಂಜಿನಮ್ಮಂಗೆ ಏನಾಯ್ತು?"

ಡಾಕ್ಟರಮ್ಮ ಕೈಬೆರಳು ಹೆಣೆದುಕೊಂಡರು. "ಅವಳಿಗೆ ಜ್ವರ ಇರ್ಲಿಲ್ಲ. ಕೀವಿರ್ಲಿಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಹೋಯ್ತು ಅಂತ ನನಗನ್ಸುತ್ತೆ. ಯಾವ ಔಷಧಿ ಹಚ್ಚಿದ್ರೂ ಅದು ಆಗ್ಬೋದು. ಕೊಯ್ದು ನೋಡೋಕೆ ಅವರ ತಾಯಿ ಒಪ್ಪಲಿಲ್ಲ. ಅವರ ಸಂಕಟ ನನಗರ್ಥ ಆಗುತ್ತೆ. ಆದ್ರೆ ನೋಡದೇ ಆಣೆ ಇಟ್ಟು ಹೇಳೋಕೆ ನನ್ನ ಕೈಲಾಗಲ್ಲ." ಎದ್ದು ನಿಂತರು. "ನಿನಗೆ ಇನ್ನು ಸರದಿ ಗಿರದಿ ಇಲ್ಲ. ನಿನ್ನ ಒಳಮೈಗೆ ಅಯೋಡಿನ್ ಮುಟ್ಟಿಸೋ ಹಾಗೇ ಇಲ್ಲ. ಇಲ್ಲೇ ಉಳ್ಕೊಂಡ್ರೆ ನೀಲಿ ಹಚ್ತೀನಿ. ಬೇಡ ಅಂದ್ರೆ ಮನೆಗೆ ಹೋಗು, ಯಾರೂ ತಡೆಯಲ್ಲ. ಹುಣ್ಣಿಗೆ ಮುಲಾಮು ಕೊಡ್ತೀನಿ. ಆದ್ರೆ ಮಂಕರಿ ಹೊರೋ ಕಾಲ ಮುಗೀತು ಅಂತ ತಿಳ್ಕೊ."

ಸಂಜೆ ಮುನಿರಾಜಪ್ಪ ಅವಳ ಮಂಚದ ಬಳಿಗೆ ಬಂದ. ಗೇಟಿನಲ್ಲೇ ಸುದ್ದಿ ಕಿವಿಗೆ ಬಿದ್ದಿತ್ತು. "ನಡಿ, ಗಾಡಿ ತಂದಿದೀನಿ. ಇದ್ದಷ್ಟು ದಿನ ಹಿಂಗೇ ಇದ್ರಾಯ್ತು. ನೀನಿಲ್ದೆ ಮಕ್ಕಳನ್ನ ಕಟ್ಕೊಂಡು ನಾನೇನ್ ಮಾಡ್ಲಿ?" ಎಂದ. ಮದುವೆಯಾದಾಗಿನಿಂದ ಅವನು ಅವಳ ಎದುರು ಅಷ್ಟು ಉದ್ದ ಮಾತಾಡಿದ್ದೇ ಇಲ್ಲ.

ಅವಳು ಅವನ ಮುಖವನ್ನೇ ನೋಡಿದಳು. ಕಾಯಿಲೆ ಏನೆಂದು ಅವನಿಗೆ ಮೊದಲ ಸಲ ಬಿಡಿಸಿ ಹೇಳಿದಳು. ಅವನು ತಲೆ ತಗ್ಗಿಸಿ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡ.

"ಹಿಂಗೇ ಇರೋದೂ ಒಂದು ಸಾವೇ," ಎಂದಳು ಅವಳು. "ಆ ಯಮ್ಮ ಗೊತ್ತಿಲ್ಲ ಅಂದ್ಳು ನೋಡು, ಅದಕ್ಕೇ ನಂಗೆ ನಂಬಿಕೆ ಬಂತು. ಏನೂ ಆಗಲ್ಲ ಅಂತ ಸುಳ್ಳೇಳಿದ್ರೆ ಬಂದ್ಬಿಡ್ತಿದ್ದೆ. ನೀನು ಗಾಡಿ ತಗೊಂಡು ಹೋಗು."

ಆಪರೇಷನ್ನಿನ ಹಿಂದಿನ ಬೆಳಿಗ್ಗೆ ನರ್ಸಮ್ಮ ಪರದೆ ಎಳೆದು, ನೀಲಿ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಒಳಗಿಡಲು ಬಂದಳು. ಮುನಿವೆಂಕಟಮ್ಮ ಮಂಚದ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಲ್ಲು ಕಚ್ಚಿದಳು. ಈಗ ಸುಡುತ್ತೆ, ಈಗ ಸುಡುತ್ತೆ ಎಂದು ಕಾದಳು. ಸುಡಲಿಲ್ಲ. ಬಾವಿಯಿಂದ ಆಗತಾನೇ ಸೇದಿದ ನೀರಿನ ಹಾಗೆ ತಣ್ಣಗಿತ್ತು. ಹುಣ್ಣಿದ್ದ ಜಾಗದಲ್ಲಿ ಒಂದಿಷ್ಟು ಚುರುಗುಟ್ಟಿ ನಿಂತುಹೋಯಿತು. ಆದರೂ ಹಿಡಿದ ಸರಳನ್ನು ಬಿಡಲು ಬೆರಳುಗಳು ಒಪ್ಪಲಿಲ್ಲ. ಅಂಜಿನಮ್ಮನಿಗೂ ಇದು ಹೀಗೇ ತಣ್ಣಗಿದ್ದಿರಬೇಕಲ್ಲ.

ಮಾರನೆಯ ದಿನ ಆಪರೇಷನ್ ಕೋಣೆಯಲ್ಲಿ ಬೆನ್ನಿಗೆ ಸೂಜಿ ಚುಚ್ಚಿದರು. ಸೊಂಟದಿಂದ ಕೆಳಗೆ ಮೈ ತನ್ನದಲ್ಲ ಎನ್ನುವಂತಾಯಿತು. ಎಚ್ಚರ ಮಾತ್ರ ಇತ್ತು. ಎದೆಯ ಮೇಲೆ ಅಡ್ಡ ಕಟ್ಟಿದ ಬಿಳಿ ಬಟ್ಟೆಯಾಚೆ ಏನು ನಡೆಯುತ್ತಿದೆಯೋ ಕಾಣುತ್ತಿರಲಿಲ್ಲ. ಪಾತ್ರೆಯಲ್ಲಿ ಇಕ್ಕಳಗಳ ಸದ್ದು, ನೀರು ಸುರಿಯುವ ಸದ್ದು. ಆಗ ಆ ವಾಸನೆ ಬಂತು.

ಅದೇ ಘಾಟು. ಬಚ್ಚಲು, ಬಾಯಿಗೆ ತುರುಕಿದ ಸೆರಗು, ಸುಲಿದ ಚರ್ಮ, ಎಲ್ಲ ಒಟ್ಟಿಗೆ ಮೇಲೆ ಬಂದವು.

"ಮೋಸ! ಕಂದು ಹಚ್ತಾವ್ರೆ! ಬಿಡ್ರಿ ನನ್ನ!" ಎಂದು ಅರಚಿ ಮೇಲೇಳಲು ನೋಡಿದಳು. ಏಳಬೇಕಾದ ಸೊಂಟ ಏಳಲಿಲ್ಲ. ನರ್ಸಮ್ಮ ಭುಜ ಅದುಮಿ ಹಿಡಿದಳು. ಡಾಕ್ಟರಮ್ಮನ ಕೈ ನಿಂತಿತು.

"ಮುನಿವೆಂಕಟಮ್ಮಾ, ಇಲ್ನೋಡು. ಕಂದು ಬರೀ ಹೊರಗೆ, ಹೊಟ್ಟೆ ತೊಡೆ ಮೇಲೆ. ಗಟ್ಟಿ ಚರ್ಮಕ್ಕೆ ಮಾತ್ರ. ಒಳಗೆ ನೀಲಿ. ನಿನ್ನ ಹತ್ರ ಏನ್ ಹೇಳಿದ್ನೋ ಅದನ್ನೇ ಮಾಡ್ತಿದೀನಿ." ಪರದೆಯ ಮೇಲಿನಿಂದ ಇಕ್ಕಳ ಎತ್ತಿ ಹಿಡಿದರು. ಅದರ ತುದಿಯ ಬಟ್ಟೆ ಗಾಢ ನೀಲಿಯಾಗಿತ್ತು; ಹನಿಯೊಂದು ಅವರ ಕೈಗವಸಿನ ಮೇಲೆ ಹರಿಯಿತು. "ಇದನ್ನ ನೀನು ನೋಡಿದ ಮೇಲೇ ಮುಂದೆ ಹೋಗೋದು. ನೋಡಿದ್ಯಾ?"

"ನೋಡ್ದೆ," ಎಂದಳು. "ಮಾಡಿ."

ಆಮೇಲೆ ನಡೆದದ್ದೆಲ್ಲ ಬೇರೆ ಯಾರದೋ ಮೈಯಲ್ಲಿ ನಡೆದಂತೆ ದೂರದ ಎಳೆದಾಟ ಮಾತ್ರ. ಅವಳು ಮೇಲಿನ ದೀಪದ ಸುತ್ತ ಸುತ್ತುತ್ತಿದ್ದ ನೊಣವೊಂದನ್ನೇ ನೋಡುತ್ತಿದ್ದಳು.

ಎರಡು ದಿನ ಸುಖವಾಗಿ ಕಳೆಯಿತು. ಮೂರನೆಯ ದಿನ ಮಧ್ಯಾಹ್ನ ಮೈ ನಡುಗಿ ಚಳಿ ಬಂತು. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಜ್ವರ ಏರಿತು. ವಾರ್ಡೆಲ್ಲ ಅವಳ ಮಂಚವನ್ನೇ ನೋಡುತ್ತಿತ್ತು. ಮುಂದಿನ ಸರದಿಯ ಒಬ್ಬ ಹೆಂಗಸು ಯಾರಿಗೂ ಹೇಳದೆ ಎದ್ದು ಹೋದಳು. ಅವಳನ್ನು ಯಾರೂ ಹಿಂದೆ ಕರೆತರಲಿಲ್ಲ. ಎದುರು ಮಂಚದ ಮುದುಕಿ ಅಣ್ಣಮ್ಮ ದೇವಿಗೆ ಕೈಮುಗಿಯುತ್ತಾ "ಇವಳದ್ದೂ ಅಷ್ಟೇ" ಎಂದದ್ದು ಜ್ವರದ ಮಂಪರಿನಲ್ಲೂ ಮುನಿವೆಂಕಟಮ್ಮನಿಗೆ ಕೇಳಿಸಿತು. ಅಜ್ಮತ್ ಬೀ ಹಣೆಗೆ ಒದ್ದೆಬಟ್ಟೆ ಇಡುತ್ತಾ "ಡರೋ ನಕ್ಕೊ, ಡರೋ ನಕ್ಕೊ" ಎಂದು ಧೈರ್ಯ ಹೇಳುತ್ತಿದ್ದಳು.

ಡಾಕ್ಟರಮ್ಮ ಬಂದು ಹೊಲಿಗೆ ನೋಡಿದರು. ಬಹಳ ಹೊತ್ತು ನೋಡಿದರು. ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಿಡಿದು ಬೆಳಕಿಗೆ ಎತ್ತಿದರು. ಅದು ಮಜ್ಜಿಗೆ ನೀರಿನಂತೆ ಕದಡಿತ್ತು.

"ಗಾಯ ಚೆನ್ನಾಗಿದೆ," ಎಂದರು. ಅವರ ದನಿಯಲ್ಲಿ ತಡೆದಿಟ್ಟ ಉಸಿರು ಹೊರಬಂದದ್ದು ಗೊತ್ತಾಗುತ್ತಿತ್ತು. "ಮೂತ್ರ ಹೋಗೋಕೆ ಅಂತ ನಳಿಗೆ ಇಟ್ಟಿದ್ವಲ್ಲ, ಅದರಿಂದ ಬಂದ ಜ್ವರ."

ಯುದ್ಧದ ದೆಸೆಯಿಂದ ಇಂಥ ಜ್ವರಕ್ಕೆ ಕೊಡುವ ಸಲ್ಫಾ ಮಾತ್ರೆ ಸಿಗುವುದೇ ದುರ್ಲಭವಾಗಿತ್ತು. ಡಾಕ್ಟರಮ್ಮ ಯಾರನ್ನು ಕಾಡಿದರೋ, ಮಿಲಿಟರಿಯವರ ಕಡೆಯಿಂದ ಒಂದಿಷ್ಟು ತರಿಸಿದರು. ಮಾತ್ರೆ ನುಂಗಿ, ಚೊಂಬುಗಟ್ಟಲೆ ನೀರು ಕುಡಿದು, ವಾಂತಿ ಮಾಡಿಕೊಂಡು, ಮತ್ತೆ ನುಂಗಿದಳು. ಒಂದು ಬೆಳಿಗ್ಗೆ ಮೈ ಬೆವತು ಸೀರೆ ತೊಯ್ದುಹೋಯಿತು. ಹಸಿವಾಯಿತು. "ಮುದ್ದೆ ಇದ್ಯಾ?" ಎಂದು ಕೇಳಿದಳು. ಅಜ್ಮತ್ ಬೀ ಸೆರಗು ಮುಚ್ಚಿಕೊಂಡು ಅತ್ತುಬಿಟ್ಟಳು.

ಮಳೆಗಾಲ ಕಳೆದ ಮೇಲೆ ಅವಳು ತೋರಿಸಿಕೊಳ್ಳಲು ಬಂದಳು. ತೊಡೆಯ ನೀಲಿ ಯಾವಾಗಲೋ ಮಾಸಿಹೋಗಿತ್ತು. ಈಗ ಸೊಪ್ಪನ್ನು ಮುನಿರಾಜಪ್ಪನೇ ಗಾಡಿಯಲ್ಲಿ ತಂದು ಇಳಿಸುತ್ತಿದ್ದ. ಅವಳು ಕೂತು ಮಾರುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ "ನಿಮ್ಮ ದಾರದ ಪರೀಕ್ಷೆ ಏನಾಯ್ತು ತಾಯಿ?" ಎಂದು ಕೇಳಿದಳು.

"ಜ್ವರ ಬಂದೋರು ಎರಡು ಕಡೇನೂ ಹೆಚ್ಚುಕಮ್ಮಿ ಒಂದೇ. ಒಳಗೆ ಸುಟ್ಟು ಸುಲಿದದ್ದು ಮಾತ್ರ ಕಂದಿನ ಕಡೆ. ನೋಡಿದ ಜನ ಕಮ್ಮಿ, ಇದೇ ಕಡೇ ಮಾತು ಅನ್ನೋಕಾಗಲ್ಲ. ಆದ್ರೆ ನಮ್ಮಲ್ಲಿ ಇನ್ಮೇಲೆ ಚರ್ಮಕ್ಕೆ ಕಂದು, ಒಳಗೆ ನೀಲಿ. ಹಚ್ಚೋ ಮೊದ್ಲು ಪ್ರತಿಯೊಬ್ಬರನ್ನೂ ಕೇಳ್ತೀವಿ, ಹಿಂದೆ ಯಾವುದಾದ್ರೂ ಸುಟ್ಟಿತ್ತಾ ಅಂತ."

ಹೊರಗೆ ಬಂದಾಗ ಗೇಟಿನ ಆಚೆ ಒಬ್ಬ ಹೆಂಗಸು ನಿಂತಿದ್ದಳು. ಕೆದರಿದ ತಲೆ, ಒಣಗಿದ ಮುಖ. ಒಳಗೆ ಹೋಗುವ ಪ್ರತಿಯೊಬ್ಬರಿಗೂ "ಹೋಗ್ಬೇಡ್ರೇ, ಇಸ ಹಚ್ತಾರೆ" ಎನ್ನುತ್ತಿದ್ದಳು. ಗಂಗಲಕ್ಷ್ಮಮ್ಮ. ಅವಳು ಆಗಾಗ ಬಂದು ಹೀಗೆ ನಿಲ್ಲುತ್ತಾಳೆ, ಓಡಿಸಬಾರದೆಂದು ಡಾಕ್ಟರಮ್ಮ ಹೇಳಿದ್ದಾರೆ ಎಂದು ಅಜ್ಮತ್ ಬೀ ಪಿಸುಗುಟ್ಟಿದಳು.

ಮುನಿವೆಂಕಟಮ್ಮನಿಗೆ ತಲೆ ತಗ್ಗಿಸಿ ಪಕ್ಕದಿಂದ ನುಸುಳಿ ಹೋಗುವ ಮನಸ್ಸಾಯಿತು. ಹೋಗಲಿಲ್ಲ. ಹತ್ತಿರ ಹೋಗಿ "ಅವ್ವಾ, ನಾನು ಅಂಜಿನಮ್ಮನ ಪಕ್ಕದ ಮಂಚದೋಳು" ಎಂದಳು.

ಗಂಗಲಕ್ಷ್ಮಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. "ನಿಂಗೂ ಹಚ್ಚಿದ್ರಾ?"

"ಹಚ್ಚಿದ್ರು."

"ಅದೇ ನೀರಾ?"

"ಅದೇ ನೀರು ಅವ್ವಾ."

"ನೀನು ಬದುಕಿದೀಯ." ಗಂಗಲಕ್ಷ್ಮಮ್ಮನ ದವಡೆ ಬಿಗಿಯಿತು. ಹೊಡೆಯುತ್ತಾಳೇನೋ ಎಂದುಕೊಂಡರೂ ಮುನಿವೆಂಕಟಮ್ಮ ಹಿಂದೆ ಸರಿಯಲಿಲ್ಲ. ಹೆಪ್ಪುಗಟ್ಟಿದ ರಕ್ತದ ಮಾತು ಬಾಯಿಯವರೆಗೂ ಬಂತು. ಅದನ್ನು ಹೇಳಿ ಈ ತಾಯಿಗೆ ಏನು ಕೊಟ್ಟಂತಾಯಿತು ಎನ್ನಿಸಿ ನುಂಗಿಕೊಂಡಳು. ರಸ್ತೆಯಲ್ಲಿ ಮಿಲಿಟರಿ ಲಾರಿಗಳ ಸಾಲು ಧೂಳೆಬ್ಬಿಸುತ್ತಾ ಹಾದುಹೋಯಿತು.

ಧೂಳು ಇಳಿದ ಮೇಲೆ ಗಂಗಲಕ್ಷ್ಮಮ್ಮ ಕೇಳಿದಳು, ದನಿ ಈಗ ಬಹಳ ಸಣ್ಣದಾಗಿತ್ತು: "ಹಚ್ಚುವಾಗ ಉರೀತಿತ್ತಾ? ನನ್ನ ಮಗೂಗೆ ಉರಿ ಒಂದು ತಡೆಯೋಕಾಗ್ತಿರ್ಲಿಲ್ಲ."

"ಇಲ್ಲವ್ವಾ," ಎಂದಳು ಮುನಿವೆಂಕಟಮ್ಮ. "ತಣ್ಣಗಿತ್ತು. ಅಂಜಿನಮ್ಮ ನಗ್ತಿದ್ಲು, ಕಾಲು ತೋರ್ಸಿ ನೇರಳೆಹಣ್ಣು ಅಂತ ನಗ್ತಿದ್ಲು."

ಗಂಗಲಕ್ಷ್ಮಮ್ಮ ಅಲ್ಲೇ ರಸ್ತೆಯಂಚಿಗೆ ಕುಸಿದು ಕೂತು, ಆಸ್ಪತ್ರೆಗೆ ಬೆನ್ನು ಹಾಕಿ ಅಳತೊಡಗಿದಳು. ಮುನಿವೆಂಕಟಮ್ಮ ಅವಳ ಪಕ್ಕದಲ್ಲಿ ಕೂತಳು.